ಗೇಮಿಗೆ ಮಾತ್ರ ಕಣ್ ಮಾವ

ವಿಂಡೋಸ್ ಬಿಟ್ಟು ಲಿನಕ್ಸ್ ದೀಕ್ಷೆ ಪಡೆದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವರೇ ಬಂದು ಹೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಚಿಪ್ಪಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಈಚೆಯದೇ ಆಗಬೇಕು ಎಂಬ ಮಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಹುಡುಗರಿಗೆ ಇದ್ದಕ್ಕಿದ್ದಂತೆ ತಂತ್ರಾಂಶ ಸ್ವಾತಂತ್ರ್ಯದ ಮೇಲೆ ಪ್ರೀತಿ ಉಕ್ಕಿದ್ದು ಹೀಗೆ. ಮಡಿಯವರು ಒಳಗೆ ಬಿಟ್ಟುಕೊಳ್ಳದಿದ್ದಾಗ ಆ ಧರ್ಮವೇ ಸರಿಯಿಲ್ಲ ಅನ್ನಿಸುವುದು ಸಹಜ ತಾನೆ?

ಹುಣಸೂರಿನ ನನ್ನ ಅಕ್ಕನ ಮಗ ಈ ಬ್ಯಾಚಿನವನು. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಪೆಂಗ್ವಿನ್ ಸ್ಟಿಕ್ಕರು. ಮನೆಗೆ ಬಂದವರಿಗೆ ಕಾಫಿಗೂ ಮೊದಲು ಉಪದೇಶ: ಸೋರ್ಸ್ ಕೋಡ್ ಓದಲಾಗದ ಪ್ರೋಗ್ರಾಮನ್ನು ನಂಬಬಾರದು, ಕರ್ನಲ್ ಅಂದರೆ ಗರ್ಭಗುಡಿ, ಅಲ್ಲಿಗೆ ಗುರುತಿಲ್ಲದವರನ್ನು ಬಿಡಬಾರದು. ಇಷ್ಟು ಹೇಳಿ ಲ್ಯಾಪ್‌ಟಾಪ್ ಆನ್ ಮಾಡಿದ. ಯಾವ ಆಪರೇಟಿಂಗ್ ಸಿಸ್ಟಮ್ ಬೇಕೆಂದು ಕೇಳುವ ಗ್ರಬ್ ಮೆನು ಬಂತು. ಮೇಲಿನ ಸಾಲಿನಲ್ಲಿ ಉಬುಂಟು, ಕೊನೆಯಲ್ಲಿ ವಿಂಡೋಸ್. ಯಾರೂ ಏನೂ ಒತ್ತದಿದ್ದರೆ ತಾನಾಗಿ ತೆರೆದುಕೊಳ್ಳುವುದು ಮಾತ್ರ ಆ ಕೊನೆಯದೇ.

"ಇದೇನೋ?" ಅಂದೆ.

"ಅದು ಗೇಮಿಗೆ ಮಾತ್ರ ಕಣ್ ಮಾವ. ಬ್ಯಾಕಪ್ಪು."

512 ಜಿಬಿ ಎಸ್‌ಎಸ್‌ಡಿಯಲ್ಲಿ ಬ್ಯಾಕಪ್ಪಿಗೆ ನಾನೂರು. ಸ್ವಾತಂತ್ರ್ಯಕ್ಕೆ ಮಿಕ್ಕಿದ್ದು. ಆ ವಿಂಡೋಸಿಗೆ ಲೈಸೆನ್ಸ್ ಇದೆಯೇ ಎಂದು ಕೇಳುವಷ್ಟು ಕೆಟ್ಟ ಮಾವ ನಾನಲ್ಲ.

ಹುಡುಗನ ಪರವಾಗಿಯೂ ಒಂದು ಮಾತು ಆಡಬೇಕು. ಲಿನಕ್ಸಿನಲ್ಲಿ ಗೇಮ್ ಓಡುವುದಿಲ್ಲ ಅನ್ನುವುದು ಹಳೇ ಪುರಾಣ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ದುಭಾಷಿಯನ್ನು ತಂದ ಮೇಲೆ ವಿಂಡೋಸಿಗೆಂದೇ ಬರೆದ ಆಟಗಳೂ ಸ್ಟೀಮ್‌ನಲ್ಲಿ ಸಾವಿರಗಟ್ಟಲೆ ಓಡುತ್ತಿವೆ. 'ಕೌಂಟರ್-ಸ್ಟ್ರೈಕ್ 2'ಕ್ಕೆ ಪ್ರೋಟಾನೂ ಬೇಡ. ಒಬ್ಬನೇ ಕೂತು ಆಡುವವನಿಗೆ ಅಷ್ಟೇನೂ ತಕರಾರಿಲ್ಲ. ತಕರಾರೆಲ್ಲ ಆನ್‌ಲೈನಿನಲ್ಲಿ ಹತ್ತು ಜನ ಸೇರಿ ಆಡುವಲ್ಲಿ. ಅಲ್ಲಿ ಮೋಸ ಹಿಡಿಯಲು ಕಾವಲುಗಾರ ಬೇಕು. ಬ್ಯಾಟಲ್‌ಐ, ಈಸಿ ಆ್ಯಂಟಿ-ಚೀಟ್ ಎಂಬ ಇಬ್ಬರು ಕಾವಲುಗಾರರು ಪ್ರೋಟಾನ್‌ನಲ್ಲೂ ಕೆಲಸ ಮಾಡಲು 2021ರಲ್ಲೇ ಒಪ್ಪಿದ್ದಾರೆ, ಆಟದ ಕಂಪನಿ ಹೂಂ ಅನ್ನಬೇಕಷ್ಟೆ. ಹಲವು ಕಂಪನಿಗಳು ಊಹೂಂ ಅಂದವು. 'ಜಿಟಿಎ ಆನ್‌ಲೈನ್' 2024ರ ಸೆಪ್ಟೆಂಬರಿನಲ್ಲಿ, 'ಏಪೆಕ್ಸ್ ಲೆಜೆಂಡ್ಸ್' ಅದೇ ವರ್ಷ ಅಕ್ಟೋಬರ್ ಕೊನೆಗೆ, ಅಲ್ಲಿಯವರೆಗೂ ಆಡುತ್ತಿದ್ದ ಲಿನಕ್ಸಿನವರನ್ನು ಹೊರಗೆ ಹಾಕಿದವು. 'ಏಪೆಕ್ಸ್'ನವರು ಕೊಟ್ಟ ಕಾರಣ ಸೊಗಸಾಗಿದೆ: ಲಿನಕ್ಸ್ ಎಲ್ಲರಿಗೂ ತೆರೆದದ್ದು, ಹಾಗಾಗಿ ಕಳ್ಳರಿಗೂ ತೆರೆದದ್ದು. ಅಳಿಯ ಯಾವುದನ್ನು ಸದ್ಗುಣ ಎಂದು ಸಾರುತ್ತಾನೋ ಅದರ ಮೇಲೇ ಕೇಸು!

ಅವನ ಪ್ರಾಣ ಇರುವುದು 'ವ್ಯಾಲೊರಂಟ್'ನಲ್ಲಿ, ಒಂದು ಆ್ಯಕ್ಟು ಮುಗಿದರೆ ಇನ್ನೊಂದು ಶುರುವಾಗುವ ಆಟ ಅದು. ಅದರ ಕಾವಲುಗಾರ ವ್ಯಾನ್‌ಗಾರ್ಡ್ ಲಿನಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ವಿಂಡೋಸಿನಲ್ಲಾದರೆ ಆಟ ಶುರುವಾಗುವವರೆಗೂ ಕಾಯುವುದಿಲ್ಲ, ಬೂಟ್ ಆಗುವಾಗಲೇ ನೇರ ಕರ್ನಲ್ ಒಳಗೆ ಹೋಗಿ ಕೂರುತ್ತದೆ. ಅದರ ಸೋರ್ಸ್ ಕೋಡನ್ನು ಅಳಿಯನೂ ಓದಿಲ್ಲ, ಅವನಪ್ಪನೂ ಓದಿಲ್ಲ. ಹಗಲು ಗರ್ಭಗುಡಿಯ ಪಾವಿತ್ರ್ಯದ ಬಗ್ಗೆ ಪ್ರವಚನ. ರಾತ್ರಿ ಗುರುತಿಲ್ಲದವನಿಗೆ ಅಲ್ಲೇ ಚಾಪೆ, ದಿಂಬು.

ಇನ್ನು ಲಿನಕ್ಸ್, ವಿಂಡೋಸ್ ಎರಡನ್ನೂ ಇಟ್ಟುಕೊಂಡ ಕಂಪ್ಯೂಟರಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನ್‌ವಿಚ್ ಲೆಕ್ಕದಲ್ಲಿ ಇಟ್ಟು ಹೋಗುತ್ತದೆ, ವಿಂಡೋಸ್ ಬಂದು ಅದನ್ನೇ ಊರಿನ ಟೈಮು ಅಂದುಕೊಳ್ಳುತ್ತದೆ. ಹುಣಸೂರಿನಲ್ಲಿ ಸಂಜೆ ಏಳಾದರೆ ವಿಂಡೋಸಿನಲ್ಲಿ ಮಧ್ಯಾಹ್ನ ಒಂದೂವರೆ. ಸರಿಪಡಿಸಲು ಒಂದು ಸಾಲಿನ ಕಮ್ಯಾಂಡ್ ಸಾಕು. ಅಳಿಯ ಸರಿಪಡಿಸಿಲ್ಲ. "ಎಷ್ಟೊತ್ತಾಯ್ತು ನೋಡೋ" ಎಂದು ಅಕ್ಕ ಕೂಗಿದಾಗ ಸ್ಕ್ರೀನ್ ತಿರುಗಿಸಿ ತೋರಿಸಲು ಅನುಕೂಲ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟು ಹೀಗೆ ಎರಡೂ ಇಟ್ಟುಕೊಂಡ ಅನೇಕರ ಲಿನಕ್ಸನ್ನು ಏಳದಂತೆ ಮಲಗಿಸಿತ್ತು. ಬ್ಯಾಕಪ್ಪು ಯಾವುದು, ಯಜಮಾನ ಯಾರು ಎಂದು ಆಗ ಕೇಳುವವರಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಹಿಡಿದು ಬಿಜಿಎಂಐ ಆಡುವ ಹುಡುಗರನ್ನು ಕಂಡರೆ ಇವನು ಮೂಗು ಮುರಿಯುತ್ತಾನೆ. ಅವರ ಕೈಲಿರುವ ಆಂಡ್ರಾಯ್ಡ್ ಒಳಗಿರುವುದು ಲಿನಕ್ಸ್ ಕರ್ನಲ್ಲೇ. ದೀಕ್ಷೆಯಿಲ್ಲದೆ, ಸ್ಟಿಕ್ಕರಿಲ್ಲದೆ, ಬ್ಯಾಕಪ್ಪಿಲ್ಲದೆ ಇಡೀ ತಾಲೂಕು ಲಿನಕ್ಸಿನ ಮೇಲೆ ಆಡುತ್ತಿದೆ ಕಣೋ ಅಂದೆ. "ಅದು ಬೇರೆ, ಬಿಡು ಮಾವ" ಅಂದ.

ಆದರೆ ಹುಡುಗನನ್ನೇ ಆಡಿಕೊಂಡು ಏನು ಫಲ? ಅವನಪ್ಪ, ನನ್ನ ಭಾವ, ಹೊಗೆಸೊಪ್ಪು ಬೆಳೆಯುವುದು ಬಿಟ್ಟು ಶುಂಠಿ ಹಾಕಿದ್ದಾರೆ. ಸೌದೆ ಹಾಕಿ ಸೊಪ್ಪು ಹದ ಮಾಡುವ ಕರ್ಮ ಸಾಕಪ್ಪ ಎಂದು ಮದುವೆ, ತಿಥಿ ಅನ್ನದೆ ಹೇಳಿಕೊಂಡು ತಿರುಗುತ್ತಾರೆ. ಸೊಪ್ಪು ಹದ ಮಾಡುವ ಬ್ಯಾರನ್ ಮಾತ್ರ ನಿಂತೇ ಇದೆ, ಅದರ ಲೈಸೆನ್ಸೂ ಜೀವಂತ ಇದೆ. ಶುಂಠಿಗೆ ಕೊಳೆರೋಗ ಬಂದರೆ? ರೇಟು ಬಿದ್ದರೆ? ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆ ಎಲ್ಲಿಗೂ ಓಡಿಹೋಗಿಲ್ಲವಲ್ಲ. ದೆಹಲಿಯದೂ ಇದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು 2004ರಲ್ಲಿ ಒಪ್ಪಿಕೊಂಡ ಸರ್ಕಾರವೇ, 1976ರಿಂದ ಇರುವ ತಂಬಾಕು ಮಂಡಳಿಯನ್ನು ವಾಣಿಜ್ಯ ಸಚಿವಾಲಯದ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿದೆ. ಆರೋಗ್ಯ ಸಚಿವಾಲಯ ಸಿಗರೇಟು ಪ್ಯಾಕಿನ ಮೇಲೆ ಹುಣ್ಣಿನ ಚಿತ್ರ ಅಚ್ಚು ಹಾಕಿಸುತ್ತದೆ. ವಾಣಿಜ್ಯ ಸಚಿವಾಲಯ ಎಲೆಯ ರಫ್ತು ಲೆಕ್ಕ ಹಾಕುತ್ತದೆ. ಒಂದೇ ಡಿಸ್ಕು, ಎರಡು ಪಾರ್ಟಿಷನ್ನು. ಯಾವುದಕ್ಕೆ ಎಷ್ಟು ಜಿಬಿ ಎಂದು ಊರಿಗೆಲ್ಲ ಗೊತ್ತು.

"ಹೊಗೆಸೊಪ್ಪು ಬಿಟ್ಟ ಮೇಲೆ ಬ್ಯಾರನ್ ಯಾಕ್ ಭಾವ, ಕೆಡವಿಸಬಾರ್ದಾ?" ಎಂದು ಕೇಳಿಯೇಬಿಟ್ಟೆ.

"ಕೆಡವಿಸ್ತೀನಿ ಕಣಪ್ಪ. ಮೊದ್ಲು ನಿನ್ನಳಿಯ ಆ ವಿಂಡೋಸ್ ಕಿತ್ತಾಕ್ಲಿ."

ಒಳಕೋಣೆಯಿಂದ ಗುಂಡಿನ ಸದ್ದಿನ ನಡುವೆಯೇ ಉತ್ತರ ಬಂತು: "ಈ ಆ್ಯಕ್ಟು ಒಂದ್ ಮುಗೀಲಿ ತಡಿಯಪ್ಪ!"