ರಬಾಳೆಯ ಪೆಟ್ಟಿಗೆ ಮಾಮ

ರಬಾಳೆಯ ಪೆಟ್ಟಿಗೆ ಮಾಮನ ಮನೆಗೆ ಹೋಗುವವರು ಕೈಯಲ್ಲಿ ಏನನ್ನೂ ಹಿಡಿದುಕೊಂಡು ಹೋಗಬಾರದು. ಕೊಡೆ ಹಿಡಿದು ಹೋದಿರೋ, ಮೊದಲು ಕೊಡೆಯ ಯೋಗಕ್ಷೇಮ, ಆಮೇಲೆ ನಿಮ್ಮದು. "ಇದನ್ನು ಮನೆಯಲ್ಲಿ ಹೀಗೇ ಇಡುದಾ? ಬಾಗಿಲ ಮೂಲೆಯಲ್ಲಿ ಒರಗಿಸಿ?" ಎಂದು ಕೇಳುವಾಗ ಅವರ ಮುಖದಲ್ಲಿ ಕಾಣುವುದು, ಕೂಸನ್ನು ಮಳೆಯಲ್ಲಿ ಮಲಗಿಸಿದವರನ್ನು ಕಂಡಂಥ ಸಂಕಟ. ಅಷ್ಟರಲ್ಲಿ ಅಂಗಿಯ ಕಿಸೆಯಿಂದ ಟೇಪು ಹೊರಬಿದ್ದಿರುತ್ತದೆ. ಉದ್ದ ಮೂರಡಿಗೆ ಎರಡು ಸೂತ್ ಕಮ್ಮಿ, ಹಿಡಿಯ ಕೊಕ್ಕೆ ಐದಿಂಚು. ಕೆಲವು ದಿನ ಬಿಟ್ಟು ಫೋನು ಬರುತ್ತದೆ: "ನಿನ್ನ ಕೊಡೆಯ ಪೆಟ್ಟಿಗೆ ಆಗಿದೆ. ಒಬ್ಬನೇ ಬರಬೇಡ ಮಾರಾಯ, ಎತ್ತಲಿಕ್ಕೆ ಇನ್ನೊಬ್ಬ ಬೇಕು."

ಮುಂಬಯಿ ಪಕ್ಕದ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ತುಳುನಾಡಿನ ಕಡೆಯ ಗಂಡಸರಲ್ಲಿ ಕೆಲವರು ಸಂಘದ ಕೋಶಾಧಿಕಾರಿಗಳಾಗುತ್ತಾರೆ, ಕೆಲವರು ಬೆಳಗ್ಗೆ ವಾಕಿಂಗ್ ಹೋಗಿ ಬೇರೆಯವರ ಶುಗರು ವಿಚಾರಿಸುತ್ತಾರೆ. ಇವರಿಂದ ಲೋಕಕ್ಕೆ ತೊಂದರೆ ಅಷ್ಟಕ್ಕಷ್ಟೆ. ಕೈ ಸುಮ್ಮನಿರದ ಜಾತಿಯದು ಬೇರೆ ಕಥೆ. ನೆರೂಳಿನಲ್ಲೊಬ್ಬರು ಮಿಕ್ಸಿ ರಿಪೇರಿ ಮಾಡುತ್ತಾರಂತೆ, ಡೊಂಬಿವಲಿಯಲ್ಲೊಬ್ಬರು ಇಡೀ ಬಿಲ್ಡಿಂಗಿನ ಗಡಿಯಾರ ಬಿಚ್ಚಿಟ್ಟುಕೊಂಡಿದ್ದಾರಂತೆ. ರಬಾಳೆಯ ಪಾಲಿಗೆ ಬಂದವರು ಪೆಟ್ಟಿಗೆ ಮಾಮ.

ಮಾಮ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಡಿಸ್‌ಪ್ಯಾಚ್ ಖಾತೆಯಲ್ಲಿದ್ದವರು. ಯಂತ್ರವನ್ನು ಇಂಜಿನಿಯರುಗಳು ಮಾಡುತ್ತಿದ್ದರು, ಮಾಮನ ಖಾತೆ ಅದನ್ನು ಮರದ ಪೆಟ್ಟಿಗೆಗೆ ಹಾಕಿ ನ್ಹಾವಾ ಶೇವಾ ಬಂದರಿಗೆ ಕಳಿಸುತ್ತಿತ್ತು. ಆಗಲೇ ಅವರಿಗೊಂದು ಜೀವನದರ್ಶನ ಸಿಕ್ಕಿತು. ಜಗತ್ತಿನಲ್ಲಿರುವುದು ಎರಡೇ: ಪೆಟ್ಟಿಗೆಯೊಳಗಿದ್ದದ್ದು, ಪೆಟ್ಟಿಗೆಗೆ ಕಾಯುತ್ತಿರುವುದು. ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ ಗೋಡೆ ಕಂಡಿಲ್ಲ. ಮಾಮ ಮಾಡಿದ ಮಖಮಲ್ಲಿನ ಪೆಟ್ಟಿಗೆಯೊಳಗೆ ಅದು ಟಿಕ್ ಟಿಕ್ ಎನ್ನುತ್ತಿದೆ. ಗಂಟೆ ನೋಡಬೇಕಾದರೆ ಬೀಗ ತೆಗೆಯಬೇಕು.

ಮರಕ್ಕೆ ಬರವಿಲ್ಲ. ಹೊರದೇಶದಿಂದ ಕಾರ್ಖಾನೆಗಳಿಗೆ ಯಂತ್ರ ಬರುವುದು ಪೈನ್ ಮರದ ಪೆಟ್ಟಿಗೆಗಳಲ್ಲಿ. ಯಂತ್ರ ಒಳಗೆ ಹೋಗುತ್ತದೆ, ಹಲಗೆ ಗುಜರಿಯ ಭಂಗಾರದವನ ಅಂಗಳಕ್ಕೆ ಬರುತ್ತದೆ. ಮಾಮ ಅಲ್ಲಿಗೆ ಹೋಗುವುದು ತರಕಾರಿ ಮಾರ್ಕೆಟಿಗೆ ಹೋಗುವ ಚೀಲ ಹಿಡಿದು, ಮಾಮಿಗೆ ಸಂಶಯ ಬಾರದಿರಲಿ ಎಂದು. ತರುವುದು ಆರಡಿ ಹಲಗೆ. ಚೀಲವನ್ನು ಹಲಗೆಯ ತುದಿಗೆ ಸಿಕ್ಕಿಸಿಕೊಂಡು ಬರುತ್ತಾರೆ.

ಹಲಗೆಯ ಮೇಲೆ ಸುಟ್ಟು ಒತ್ತಿದ ಒಂದು ಮುದ್ರೆ ಇರುತ್ತದೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಒಂದು ನಂಬರು, ಎಚ್‌ಟಿ. ಇದರ ವ್ಯಾಖ್ಯಾನ ಕೇಳದೆ ಆ ಮನೆಯಲ್ಲಿ ಯಾರಿಗೂ ಚಹಾ ಸಿಕ್ಕಿದ್ದಿಲ್ಲ. ಒಂದು ದೇಶದ ಹುಳ ಹಲಗೆಯೊಳಗೆ ಕೂತು ಇನ್ನೊಂದು ದೇಶದ ಕಾಡಿಗೆ ಹೋಗಬಾರದೆಂದು 2002ರಲ್ಲಿ ಐಎಸ್‌ಪಿಎಂ-15 ಎಂಬ ಅಂತಾರಾಷ್ಟ್ರೀಯ ನಿಯಮ ಬಂತು. ಅದರ ಪ್ರಕಾರ ಮರವನ್ನು, ಮೇಲ್ಮೈಯನ್ನಲ್ಲ, ಒಳತಿರುಳನ್ನು, 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಡೆಬಿಡದೆ 30 ನಿಮಿಷ ಇಡಬೇಕು. ಆಗ ಬೀಳುವುದು ಎಚ್‌ಟಿ ಮುದ್ರೆ. "ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇಲ್ಲ. ಈ ಹಲಗೆ ನೋಡು, ಜರ್ಮನಿಯಿಂದ ಬಂದದ್ದು," ಎನ್ನುತ್ತಾ ಮಾಮ ಅದನ್ನು ನೇವರಿಸುತ್ತಾರೆ. ಪೆಟ್ಟಿಗೆ ಮಾಡುವಾಗ ಮುದ್ರೆ ಇದ್ದ ಮೈ ಮುಂದೆಯೇ ಬರಬೇಕು. ಹಾಗಾಗಿ ಅವರು ಮಾಡಿಕೊಟ್ಟ ದೇವರ ದೀಪದ ಪೆಟ್ಟಿಗೆಯ ಹಣೆಯ ಮೇಲೂ ಜರ್ಮನಿಯ ಠಸ್ಸೆ ಇದೆ, ಅದರ ಮೇಲೆ ಮಾಮಿ ಹಚ್ಚಿದ ಅರಿಶಿನ ಕುಂಕುಮವೂ ಇದೆ.

ಕಾರ್ಯಾಗಾರ ಎಂದರೆ ಬಾಲ್ಕನಿ. ಗ್ರಿಲ್ ಹಾಕಿಸಿ ಮುಚ್ಚಿದ್ದು. ಬಟ್ಟೆ ಒಣಗಿಸುವ ಹಗ್ಗದಲ್ಲಿ ಗರಗಸಗಳು, ತುಳಸಿಯ ಪಕ್ಕದಲ್ಲಿ ಉಳಿ, ಕೊಡತಿ, ಕೀಸುಳಿ. ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಬಿದ್ದ ಹೊಟ್ಟು ಕೆಳಗಿನ ಮಹಡಿಯವರ ಹಪ್ಪಳದ ಮೇಲೆ ಇಳಿಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಸೊಸೈಟಿಯಲ್ಲಿ ಸದ್ದು ಮಾಡುವಂತಿಲ್ಲ. "ಕಾಕಾ, ದುಪಾರಿ ಆವಾಜ್ ನಕೋ" ಎಂದು ಸೆಕ್ರೆಟರಿ ಹೇಳಿ ಹೇಳಿ ಸೋತರು. ಕೊನೆಗೆ ಮಾಮ ಸೊಸೈಟಿಯ ಮೀಟಿಂಗ್ ಬುಕ್ಕಿಗೊಂದು ಪೆಟ್ಟಿಗೆ ಮಾಡಿಕೊಟ್ಟರು. ಅದಕ್ಕೆ ಮೂರು ಚಿಲಕ, ಒಂದು ಗುಪ್ತ ಕೊಂಡಿ. ತೆರೆಯುವ ಗುಟ್ಟು ಮಾಮನಿಗೆ ಮಾತ್ರ ಗೊತ್ತು. ಅಲ್ಲಿಂದೀಚೆ ದೂರು ಬರೆದುಕೊಳ್ಳಲು ಬುಕ್ಕು ಸಿಕ್ಕಿಲ್ಲ.

ಅವರ ಎಲ್ಲ ಕಷ್ಟಗಳ ಮೂಲ ಒಂದೇ, ಹಲಗೆಗೆ ದಪ್ಪ ಇದೆ ಎಂಬುದು. ಪ್ಲೈವುಡ್ 18 ಮಿಲಿಮೀಟರಿನದಾದರೆ ಎರಡು ಬದಿ ಸೇರಿ 36 ಮಿಲಿಮೀಟರ್ ಹೋಯಿತು. ಹೊರ ಅಳತೆ ಬೇರೆ, ಒಳ ಅಳತೆ ಬೇರೆ. ಕಾರ್ಖಾನೆಯಲ್ಲಿ ಇದನ್ನು ಡ್ರಾಯಿಂಗಿನವರು ನೋಡಿಕೊಳ್ಳುತ್ತಿದ್ದರು. ಭಜನಾ ಮಂಡಳಿಯ ಹಾರ್ಮೋನಿಯಂಗೆ ಮಾಡಿದ ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಹಿಡಿಸಲಿಲ್ಲ. ಮಾಮ ಬೇಸರಪಡಲಿಲ್ಲ. "ಪೆಟ್ಟಿಗೆ ಸರಿಯಾಗಿದೆ, ಹಾರ್ಮೋನಿಯಂ ಸ್ವಲ್ಪ ದೊಡ್ಡದಾಯ್ತು" ಎಂದರು. ಈಗ ಅದರಲ್ಲಿ ತಾಳಗಳಿವೆ. ಸತ್ಯನಾರಾಯಣ ಪೂಜೆಯ ಪಾತ್ರೆಗಳಿಗೆಂದು ಒಂದೊಂದಕ್ಕೂ ಅದರದೇ ಆಕಾರದ ಗುಳಿ ತೋಡಿ ಮಾಡಿದ ಪೆಟ್ಟಿಗೆಯದಂತೂ ಅಳತೆ ಸರಿಯಾಗಿಯೇ ಇತ್ತು. ಪೂಜೆ ಮುಗಿದು ಎಲ್ಲವನ್ನೂ ತಿರುಗಿ ಜೋಡಿಸಲು ಕೂತ ಭಟ್ಟರಿಗೆ ರಾತ್ರಿ ಹತ್ತಾಯಿತು. ಪಂಚಪಾತ್ರೆಯ ಗುಳಿಯಲ್ಲಿ ಗಂಟೆ ಕೂತರೆ ಹಲಗಾರತಿಗೆ ಜಾಗವಿಲ್ಲ. ಮರುವರ್ಷ ಭಟ್ಟರು ತಮ್ಮದೇ ಪಾತ್ರೆಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದರು.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರಲ್ಲ, ಆಗ ಮಾಮ ಒಂದು ಆಟವನ್ನೂ ಬಿಡುವುದಿಲ್ಲ. ಆದರೆ ಅವರು ಕೂರುವುದು ಸಭೆಯಲ್ಲಲ್ಲ, ವೇಷದವರು ಬಣ್ಣ ಹಚ್ಚುವ ಚೌಕಿಯಲ್ಲಿ. ಬೆಳೆಸುವುದು ಭಾಗವತರ ಸ್ನೇಹವನ್ನಲ್ಲ, ಪೆಟ್ಟಿಗೆ ಹೊರುವವರದು. ಮೇಳದ ಪೆಟ್ಟಿಗೆ ಆರು ತಿಂಗಳು ದಿನಕ್ಕೊಂದು ಊರಿನಲ್ಲಿ ಲಾರಿ ಹತ್ತಿ ಇಳಿಯುವಂಥದ್ದು. ಅದರ ಮೂಲೆ ಹೇಗೆ ತಡೆಯುತ್ತದೆ ಎಂಬುದೇ ಮಾಮನಿಗೆ ಪ್ರಸಂಗ. ಒಮ್ಮೆ ಅರ್ಧ ಬಣ್ಣ ಬಳಿದುಕೊಂಡಿದ್ದ ಮಹಿಷಾಸುರನನ್ನು ಎಬ್ಬಿಸಿ, ಅವನು ಕೂತಿದ್ದ ಪೆಟ್ಟಿಗೆಯ ಮೂಲೆಗೆ ಹೊಡೆದ ಪಟ್ಟಿ ತಗಡಿನದೋ ಹಿತ್ತಾಳೆಯದೋ ಎಂದು ಬಗ್ಗಿ ನೋಡಿದರು. ಆ ದಿನ ರಂಗದಲ್ಲಿ ಮಹಿಷಾಸುರನ ಆರ್ಭಟ ಬಹಳ ಸಹಜವಾಗಿತ್ತೆಂದು ನೋಡಿದವರು ಹೊಗಳಿದರು.

ಇಷ್ಟಕ್ಕೂ ಈ ಪೆಟ್ಟಿಗೆಗಳೆಲ್ಲ ಯಾಕೆ ಎಂದು ಕೇಳಿದರೆ ಮಾಮನದು ಒಂದೇ ಉತ್ತರ: "ಊರಿಗೆ ಹೋಗುವಾಗ ಬೇಕಾಗ್ತದೆ." ಕಾರ್ಕಳದ ಹತ್ತಿರ ಮನೆ ಕಟ್ಟಿಸಿದ್ದಾರೆ. ಬರುವ ವರ್ಷ ಹೋಗಿ ನೆಲೆಸುವುದು. ಈ ಬರುವ ವರ್ಷ ಬರತೊಡಗಿ ಬಹಳ ವರ್ಷವಾಯಿತು.

ಅದರ ತಯಾರಿಗೆಂದೇ ರೈಲಿನ ಪೆಟ್ಟಿಗೆ ಹುಟ್ಟಿತು. ಪ್ರಯಾಣಿಕರ ಬೋಗಿಯಲ್ಲಿ ಒಯ್ಯಬಹುದಾದ ಪೆಟ್ಟಿಗೆಯ ಹೊರ ಅಳತೆ 100, 60, 25 ಸೆಂಟಿಮೀಟರ್ ಮೀರಬಾರದೆಂದು ರೈಲ್ವೆಯ ನಿಯಮವಿದೆ. ನಿಯಮ ಓದಿ ಪೆಟ್ಟಿಗೆ ಮಾಡುವವನು ಇಡೀ ಕೊಂಕಣ ರೈಲ್ವೆಯಲ್ಲಿ ಮಾಮ ಒಬ್ಬರೇ ಇರಬೇಕು. 18 ಮಿಲಿಮೀಟರ್ ಪ್ಲೈ, ಮೂಲೆಗೆ ಹಿತ್ತಾಳೆ, ಒಂದು ಸೂತ್ ಆಚೀಚೆ ಇಲ್ಲ. ಆಮೇಲೆ ತೂಗಿದರು. ಖಾಲಿ ಪೆಟ್ಟಿಗೆಯೇ ಇಪ್ಪತ್ತಮೂರು ಕಿಲೋದ ಮೇಲೆ. ಸ್ಲೀಪರಿನಲ್ಲಿ ಒಬ್ಬರಿಗೆ ಉಚಿತ ಸಾಮಾನು 40 ಕಿಲೋ. ಉಳಿದ ಹದಿನೇಳರಲ್ಲಿ ಮಾಮಿಯ ಸೀರೆ ಹೋಗಬೇಕೋ ಮಾಮನ ಉಳಿಗಳು ಹೋಗಬೇಕೋ ಎಂಬ ಚರ್ಚೆ ಠಾಣೆ ಸ್ಟೇಶನ್ನಿನಲ್ಲಿ ಮತ್ಸ್ಯಗಂಧ ಬರುವವರೆಗೂ ನಡೆಯಿತು. ರೈಲು ಬಂದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಅಳತೆಯಲ್ಲಿ ಕಾಲುಗಳನ್ನು ಲೆಕ್ಕ ಹಿಡಿದಿರಲಿಲ್ಲ. ಸೀಟಿನಡಿಗೆ ಹೋಗದ ಪೆಟ್ಟಿಗೆಯ ಮೇಲೆ ಮಾಮ ಉಡುಪಿಯವರೆಗೆ ಕೂತೇ ಬಂದರು. ಎದುರು ಸೀಟಿನವರಿಗೆ ರತ್ನಾಗಿರಿ ಬರುವಷ್ಟರಲ್ಲಿ ಐಎಸ್‌ಪಿಎಂ-15 ಬಾಯಿಪಾಠವಾಗಿತ್ತು. ಪ್ಲೈವುಡ್ಡನ್ನು ಅಂಟು, ಬಿಸಿ, ಒತ್ತಡದಲ್ಲೇ ಮಾಡುವುದರಿಂದ ಅದಕ್ಕೆ ಎಚ್‌ಟಿ ಮುದ್ರೆ ಬೇಡ ಎಂಬ ಉಪನಿಯಮ ಸಮೇತ.

ಹೋದ ಚಳಿಗಾಲದಲ್ಲಿ ಶುರುವಾದದ್ದು ಕಲೆಂಬಿ. ತುಳುನಾಡಿನ ಹಳೆ ಮನೆಗಳಲ್ಲಿ ಅಕ್ಕಿ, ಪಾತ್ರೆ, ದಾಖಲೆ ಎಲ್ಲ ಇಡುವ ದೊಡ್ಡ ಮರದ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ಒಬ್ಬರು ಹಾಯಾಗಿ ಮಲಗಬಹುದು. ಅಜ್ಜಿ ಮನೆಯ ಹಲಸಿನ ಕಲೆಂಬಿ ಪಾಲಿನಲ್ಲಿ ಬೇರೆಯವರಿಗೆ ಹೋದ ದುಃಖ ಮಾಮನಲ್ಲಿ ಇನ್ನೂ ಹಸಿ. "ಅವರಿಗಿಂತ ದೊಡ್ಡದು ಮಾಡ್ತೇನೆ, ಊರಿನ ಮನೆಯ ಚಾವಡಿಯಲ್ಲಿ ಇಡ್ತೇನೆ, ಬಂದವರೆಲ್ಲ ನೋಡ್ಬೇಕು" ಎಂದು ಹೊರಟರು. ಐದಡಿ ಉದ್ದ, ಎರಡಡಿ ಹತ್ತಿಂಚು ಅಗಲ, ಎತ್ತರವೂ ಅಷ್ಟೇ. ಜರ್ಮನಿಯ ಪೈನು ಸಾಲದೆ ಇನ್ನೆರಡು ದೇಶದ ಹಲಗೆ ಸೇರಿತು. ನಿಜ ಹೇಳಬೇಕು, ಕೆಲಸ ಚೆನ್ನಾಗಿಯೇ ಬಂತು. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕಚ್ಚಿಸಿದ ಜೋಡಣೆ, ನಡುವೆ ಉಗುರು ಹೋಗುವಷ್ಟೂ ಸಂದಿಲ್ಲ. ಬಡಗಿಗಳು ಹಿಂದೆ ಅಂಟಿಗೆಂದು ಸರೇಸು ಕುದಿಸುತ್ತಿದ್ದರಂತೆ. 1959ರಲ್ಲಿ ಫೆವಿಕಾಲ್ ಬಂದು ಆ ವಾಸನೆಯಿಂದ ಅವರನ್ನು ಪಾರು ಮಾಡಿತು. ಮಾಮ ಡಬ್ಬಿಗಟ್ಟಲೆ ಸುರಿದರು.

ಮಳೆಗಾಲದಲ್ಲಿ ಮುಚ್ಚಳ ಬಿಗಿಯಬಹುದೆಂದು ಅದಕ್ಕೂ ಸಂದು ಬಿಟ್ಟಿದ್ದರು. ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದಿಲ್ಲ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ ಎಂಬುದು ಅವರು ಕೊಡೆಯ ಪೆಟ್ಟಿಗೆಯಲ್ಲಿ ಕಲಿತ ಪಾಠ. ಅದು ಜೂನಿನಲ್ಲಿ ಮುಚ್ಚಿಕೊಂಡದ್ದು ತೆರೆದದ್ದು ದೀಪಾವಳಿಗೆ. ಎಲ್ಲ ಲೆಕ್ಕವೂ ಸರಿಯಿತ್ತು. ಪಾಲಿಶ್ ಒಣಗಿ, ನಾನೂ ಸೇರಿ ನಾಲ್ಕು ಜನ ಕೈಕೊಟ್ಟು, ಬಾಲ್ಕನಿಯಿಂದ ಒಳಗೆ ತರುವಾಗ ಕಲೆಂಬಿ ಬಾಗಿಲಲ್ಲಿ ನಿಂತಿತು.

ಅಡ್ಡ ಹಿಡಿದರು, ನಿಲ್ಲಿಸಿ ನೋಡಿದರು, ವಾಚ್‌ಮನ್ನನ್ನೂ ಕರೆದರು. ಮಾಮ ಟೇಪು ತೆಗೆದರು. ಬಾಗಿಲು ಸರಿಯಾಗಿ ಮೂರಡಿಯೇ ಇತ್ತು, ದಾರಂದದ ಹೊರಮೈಯಿಂದ ಹೊರಮೈಗೆ. ದಾರಂದದ ದಪ್ಪ ಎರಡೂ ಕಡೆ ಕಳೆದರೆ ಎರಡಡಿ ಏಳಿಂಚು. ಒಳ ಅಳತೆ ಬೇರೆ, ಹೊರ ಅಳತೆ ಬೇರೆ ಎಂದು ವಾಚ್‌ಮನ್ ಹಿಂದಿಯಲ್ಲಿ ವಿವರಿಸಿದ. ಮಾಮ ಜೀವಮಾನದಲ್ಲಿ ಮೊದಲ ಬಾರಿಗೆ ಏನೂ ಹೇಳದೆ ಸ್ನಾನಕ್ಕೆ ಹೋದರು.

ಮಾಮಿ ಚಹಾ ತಂದಿಟ್ಟರು. ಒಳಗೆ ನೀರಿನ ಸದ್ದು ಶುರುವಾದ ಮೇಲೆ ಮೆಲ್ಲಗೆ ಹೇಳಿದರು: "ಆ ಬಾಗಿಲಿಗೆ ಪರದೆ ಹೊಲಿಸಿದ್ದು ನಾನು. ಅಗಲ ನನಗೆ ಗೊತ್ತಿಲ್ವಾ?"

"ಮತ್ತೆ ಹೇಳ್ಬಹುದಿತ್ತಲ್ಲ ಮಾಮಿ?"

"ಸ್ಕ್ರೂ ಹಾಕುದು ಅಂತ ಹೊರಟಿದ್ರು. ಸ್ಕ್ರೂ ಆದ್ರೆ ನಾಳೆ ಬಿಚ್ಚಿ ತೆಗಿಬಹುದು. ನಾನೇ ಹೇಳಿದ್ದು, ಫೆವಿಕಾಲ್ ಹಾಕಿ, ಗಟ್ಟಿ ಬರ್ತದೆ ಅಂತ." ಸೆರಗಿನಲ್ಲಿ ಕಲೆಂಬಿಯ ಮೇಲಿನ ಧೂಳು ಒರೆಸಿದರು. "ಇದನ್ನು ಬಿಟ್ಟು ಅವರು ಊರಿಗೆ ಹೊರಡುದಿಲ್ಲ ಮಗ. ನನಗೆ ಇಲ್ಲಿ ಶನಿವಾರ ಭಜನೆ ಉಂಟು, ಐರೋಲಿಯಲ್ಲಿ ಮಗಳಿದ್ದಾಳೆ, ಕೆಳಗಿಳಿದ್ರೆ ಶೇರ್ ರಿಕ್ಷಾ ಉಂಟು. ಅಲ್ಲಿ ಎಂತ ಉಂಟು? ಅವರು ಹೊರಗೆ ಬಂದು ಗ್ರಿಲ್ ಕೊಯ್ಯುವ ಅಂತ ಹೇಳಿಯಾರು, ನೀನು ಹೂಂ ಅನ್ಬೇಡ. ಕುಚ್ಚಲಕ್ಕಿಯವನಿಗೆ ಫೋನು ಮಾಡಿದ್ದೇನೆ. ಸಂಜೆಗೆ ನಾಲ್ಕು ಮೂಟೆ ಬರ್ತದೆ, ಎಲ್ಲ ಇದರೊಳಗೆ ಸುರಿಸುದು."