ಬೀರುವಿನಲ್ಲಿ ಕ್ಯಾಮೆರಾ, ಬೋರ್ಡಿನಲ್ಲಿ ಕುಲೆಶೋವ್

ನಾನು ಓದಿದ ಸಿನಿಮಾ ಶಾಲೆಯ ಬ್ರೋಷರಿನ ಮುಖಪುಟದಲ್ಲಿ ಮೂವರು ಮಹನೀಯರಿದ್ದರು: ಸತ್ಯಜಿತ್ ರಾಯ್, ಪುಟ್ಟಣ್ಣ ಕಣಗಾಲ್, ಶಂಕರ್ ನಾಗ್. ಮೂವರಲ್ಲಿ ಒಬ್ಬರೂ ಸಿನಿಮಾ ಶಾಲೆಗೆ ಫೀಸು ಕಟ್ಟಿದವರಲ್ಲ. ರಾಯ್ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವರು, ಪುಟ್ಟಣ್ಣ ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿದವರು, ಶಂಕರ್ ನಾಗ್ ಮುಂಬೈಯ ರಂಗಭೂಮಿಯಿಂದ ಬಂದವರು. ಹಿಂಬದಿಯ ಪುಟದಲ್ಲಿ ಗಿರೀಶ ಕಾಸರವಳ್ಳಿಯವರ ಚಿತ್ರ. ಅದರ ಕೆಳಗೆ ‘ಸಿನಿಮಾ ಶಾಲೆಯಲ್ಲಿ ಓದಿ ಸ್ವರ್ಣಕಮಲ ಗೆದ್ದವರು’ ಎಂದಿತ್ತು. ಓದಿದ್ದು ಪುಣೆಯ ಸರ್ಕಾರಿ ಸಂಸ್ಥೆಯಲ್ಲಿ, ಮುಗಿಸಿದ್ದು 1975ರಲ್ಲಿ ಎಂಬ ಸಣ್ಣ ವಿವರಕ್ಕೆ ಪುಟದಲ್ಲಿ ಜಾಗ ಸಾಲದೆ ಹೋಗಿತ್ತು.

ಅಪ್ಪ ಬ್ರೋಷರನ್ನು ಹಿಂದೆ ಮುಂದೆ ತಿರುವಿ, ಅಡ್ಮಿಷನ್ ಮೇಡಂ ಹತ್ತಿರ ಒಂದೇ ಪ್ರಶ್ನೆ ಕೇಳಿದರು: “ಓದು ಮುಗಿದ ಮೇಲೆ ಕೆಲಸ ಗ್ಯಾರಂಟಿನಾಮ್ಮ?”

“ಕಲೆಗೆ ಗ್ಯಾರಂಟಿ ಇರಲ್ಲ ಸರ್. ಫೀಸಿಗೆ ಇನ್‌ಸ್ಟಾಲ್‌ಮೆಂಟ್ ಇರತ್ತೆ.”

ಸಂಸ್ಥೆ ಇದ್ದದ್ದು ಬೆಂಗಳೂರಿನಲ್ಲಿ, ಕಮೋಡು ವಾಷ್‌ಬೇಸಿನ್ನು ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಒಂದು ಪ್ರೊಜೆಕ್ಟರು, ಒಂದು ಹಸಿರು ಪರದೆ, ನಾಲ್ಕು ಕಂಪ್ಯೂಟರು. ಮತ್ತು ಒಂದು ಬೀರು. ಆ ಬೀರುವಿನಲ್ಲಿ ಕ್ಯಾಮೆರಾ ಇದೆ ಎಂಬುದು ಸಂಸ್ಥೆಯ ಅಧಿಕೃತ ನಿಲುವು. ಬೀಗದ ಕೈ ಇದ್ದದ್ದು ಪ್ರಿನ್ಸಿಪಾಲರ ಭಾವಮೈದನ ಹತ್ತಿರ. ಲೆಕ್ಕಪತ್ರ, ಕ್ಯಾಂಟೀನು, ಛಾಯಾಗ್ರಹಣ ವಿಭಾಗ ಮೂರೂ ಅವನ ಸುಪರ್ದಿಯಲ್ಲಿದ್ದವು. ಕ್ಯಾಮೆರಾ ಬೇಕೆಂದರೆ ಒಂದು ಫಾರಂ ತುಂಬಬೇಕು, ಡಿಪಾಸಿಟ್ ಇಡಬೇಕು, ಇಬ್ಬರ ಸಹಿ ಹಾಕಿಸಬೇಕು. ಆ ಇಬ್ಬರಲ್ಲಿ ಒಬ್ಬರು ನಾವು ಸೇರುವ ಮೊದಲೇ ಕೆಲಸ ಬಿಟ್ಟುಹೋಗಿದ್ದರು.

ಆದರೂ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಉತ್ಸವಮೂರ್ತಿಯ ಹಾಗೆ ಕ್ಯಾಮೆರಾ ಹೊರಗೆ ಬರುತ್ತಿತ್ತು. ಮೇಜಿನ ಮೇಲೆ ಕೆಂಪು ವಸ್ತ್ರ ಹಾಸಿ, ಸ್ಟ್ಯಾಂಡಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಎದುರಿಗೆ ಬೂದುಗುಂಬಳ ಇಟ್ಟು ಮಂಗಳಾರತಿ. ನಮ್ಮ ಬ್ಯಾಚಿನ ವರ್ಷ ಭಾವಮೈದನಿಗೆ ಭಕ್ತಿ ಉಕ್ಕಿ, ಲೆನ್ಸನ್ನು ತಿರುಗಿಸಿ ಬಿಚ್ಚಿ, ಒಳಗಿನ ಸೆನ್ಸರ್‌ಗೂ ಉಂಗುರದ ಬೆರಳಿನಿಂದ ಕುಂಕುಮ ಇಟ್ಟ. ಅಂದಿನಿಂದ ಆ ಕ್ಯಾಮೆರಾದಲ್ಲಿ ಏನೇ ತೆಗೆದರೂ ಬಲಗಡೆ ಮೂಲೆಯಲ್ಲಿ ಒಂದು ಮಬ್ಬು ಮಚ್ಚೆ. ಮದುವೆ ತೆಗೆದರೂ ಮಚ್ಚೆ, ಮಸಣ ತೆಗೆದರೂ ಮಚ್ಚೆ. ಸೀನಿಯರ್ ಒಬ್ಬನ ಕಿರುಚಿತ್ರ ನೋಡಿದ ಹೊರಗಿನ ಪರೀಕ್ಷಕರು ಆ ಮಚ್ಚೆಯನ್ನು ‘ನಗರಜೀವನದ ಮೇಲೆ ಕವಿದ ಅವ್ಯಕ್ತ ಆತಂಕ’ ಎಂದು ಬಣ್ಣಿಸಿ ಅತಿ ಹೆಚ್ಚು ಅಂಕ ಕೊಟ್ಟರು. ಇಡೀ ಕೋರ್ಸಿನಲ್ಲಿ ನಾವು ಕಲಿತದ್ದೆಲ್ಲ ಆ ಒಂದು ವಾಕ್ಯದಲ್ಲಿತ್ತು.

ಕ್ಯಾಮೆರಾ ಯಾವಾಗ ಕೊಡ್ತೀರಿ ಸಾರ್ ಎಂದು ಕೇಳಿದಾಗಲೆಲ್ಲ ಪ್ರಿನ್ಸಿಪಾಲರು ಬೋರ್ಡಿನ ಮೇಲೆ ‘ಕುಲೆಶೋವ್’ ಎಂದು ಬರೆಯುತ್ತಿದ್ದರು. 1919ರಲ್ಲಿ ಮಾಸ್ಕೋದಲ್ಲಿ ಶುರುವಾದದ್ದು ಜಗತ್ತಿನ ಅತಿ ಹಳೆಯ ಸಿನಿಮಾ ಶಾಲೆ. ಅಲ್ಲಿ ಪಾಠ ಮಾಡುತ್ತಿದ್ದ ಲೆವ್ ಕುಲೆಶೋವ್‌ಗೆ ಫಿಲಂ ರೀಲಿಗೂ ಗತಿಯಿರಲಿಲ್ಲ. ಅದಕ್ಕೇ ಅವರ ಶಿಷ್ಯರು ಕ್ಯಾಮೆರಾ ಇದೆಯೆಂದು ಭಾವಿಸಿ ನಟಿಸಿದರು, ಹಳೆಯ ಸಿನಿಮಾಗಳನ್ನು ಕತ್ತರಿಸಿ ಮರಳಿ ಜೋಡಿಸಿದರು. ನಟನೊಬ್ಬನ ನಿರ್ಭಾವದ ಮುಖದ ಪಕ್ಕ ಸೂಪಿನ ತಟ್ಟೆ ಇಟ್ಟರೆ ಹಸಿವು ಕಂಡಿತು, ಶವಪೆಟ್ಟಿಗೆ ಇಟ್ಟರೆ ದುಃಖ ಕಂಡಿತು, ಹೆಣ್ಣನ್ನು ಇಟ್ಟರೆ ಆಸೆ ಕಂಡಿತು. ಸಂಕಲನದ ಶಕ್ತಿ ಜಗತ್ತಿಗೆ ಗೊತ್ತಾದದ್ದು ಹಾಗೆ. “ನೋಡಿ, ಕ್ಯಾಮೆರಾ ಮುಟ್ಟದೆ ಇಷ್ಟು ಕಲಿತರು,” ಎಂದು ಪ್ರಿನ್ಸಿಪಾಲರು ಚಾಕ್‌ಪೀಸ್ ಕೆಳಗಿಡುತ್ತಿದ್ದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮಾಸ್ಕೋದಲ್ಲಿ ಫಿಲಂ ಸಿಗುತ್ತಿರಲಿಲ್ಲ, ಯಾಕೆಂದರೆ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ನಮ್ಮಲ್ಲಿ ಕ್ಯಾಮೆರಾ ಸಿಗುತ್ತಿರಲಿಲ್ಲ, ಯಾಕೆಂದರೆ ಭಾವಮೈದ ಊಟಕ್ಕೆ ಹೋಗಿರುತ್ತಿದ್ದ. ಅದೂ ಅಲ್ಲದೆ, ಕುಲೆಶೋವ್ ತನ್ನ ಶಿಷ್ಯರಿಂದ ‘ಎಕ್ವಿಪ್‌ಮೆಂಟ್ ಫೀ’ ವಸೂಲು ಮಾಡಿದರೆಂದು ಯಾವ ಚರಿತ್ರೆಕಾರನೂ ಬರೆದಿಲ್ಲ.

ಕುಲೆಶೋವ್ ಸಾಲದೆ ಬಂದಾಗ ಇಟಲಿ. ಎರಡನೇ ಮಹಾಯುದ್ಧ ಮುಗಿದಾಗ ರೋಮ್‌ನ ದೊಡ್ಡ ಸ್ಟುಡಿಯೊ ಚಿನೆಚಿತ್ತಾ ನಿರಾಶ್ರಿತರ ಶಿಬಿರವಾಗಿತ್ತು. ನಿರ್ದೇಶಕರು ಬೀದಿಗಿಳಿದರು, ಕಾರ್ಖಾನೆಯ ಕೆಲಸಗಾರನೇ ನಾಯಕನಾದ, 1948ರಲ್ಲಿ ‘ಬೈಸಿಕಲ್ ಥೀವ್ಸ್’ ಬಂತು. ಇಂಥ ಚರಿತ್ರೆ ಕೇಳಿ ಕೇಳಿ ನಮಗೆ ಮನದಟ್ಟಾದದ್ದೇನೆಂದರೆ, ಇಲ್ಲದ್ದರಿಂದಲೇ ಕಲೆ ಹುಟ್ಟುವುದು. ಹಾಗಾಗಿ ನಮ್ಮ ಹತ್ತಿರ ಏನೂ ಇಲ್ಲದಿರುವುದು ಮಹಾನ್ ಕಲೆಯ ಪೂರ್ವಸಿದ್ಧತೆ. ಅವರೆಲ್ಲ ಮೊದಲು ಸಿನಿಮಾ ತೆಗೆದರು, ಅದಕ್ಕೊಂದು ಹೆಸರನ್ನು ಆಮೇಲೆ ಬೇರೆಯವರು ಇಟ್ಟರು. ನಮ್ಮಲ್ಲಿ ನಾಮಕರಣ ಮೊದಲೇ ಆಗುತ್ತಿತ್ತು. ಕೂಸು ಹುಟ್ಟುತ್ತಿರಲಿಲ್ಲ, ಅಷ್ಟೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳು ಸಿನಿಮಾ ಶಾಲೆಗೆ ಹೋಗಿರಲಿಲ್ಲ. ಹೋಗಿದ್ದರೆ ಡೊಂಕು ನೆಲವೇ ತನ್ನ ಶೈಲಿ ಎನ್ನುತ್ತಿದ್ದಳು. ನಮ್ಮ ಕಿರುಚಿತ್ರಗಳಲ್ಲಿ ಮಾತಿರಲಿಲ್ಲ. ಕೇಳಿದವರಿಗೆ ಮೌನದ ಭಾಷೆ ಎನ್ನುತ್ತಿದ್ದೆವು. ಅಸಲಿಗೆ ಬೂಮ್ ಮೈಕ್ ಹಿಡಿಯಲು ಯಾರೂ ತಯಾರಿರಲಿಲ್ಲ. ತರಗತಿಯಲ್ಲಿ ಇದ್ದವರೆಲ್ಲ ನಿರ್ದೇಶಕರು, ತಲೆಯ ಮೇಲೆ ಕೋಲು ಎತ್ತಿ ನಿಲ್ಲುವುದು ನಿರ್ದೇಶಕನ ಘನತೆಗೆ ತಕ್ಕ ಕೆಲಸವೇ? ಕತ್ತರಿಸದೆ ಉದ್ದಕ್ಕೂ ಎಳೆದ ಶಾಟ್‌ಗಳಿಗೆ ತಾರ್ಕೋವ್‌ಸ್ಕಿ ಜವಾಬ್ದಾರ. ನಿಜದ ಜವಾಬ್ದಾರಿ ಎಡಿಟಿಂಗ್ ರೂಮಿನ ಆ ನಾಲ್ಕು ಕಂಪ್ಯೂಟರುಗಳದ್ದು, ಅವುಗಳಲ್ಲಿ ಮೂರು ಆನ್ ಆಗುತ್ತಿರಲಿಲ್ಲ. ಬಣ್ಣ ಕೆಟ್ಟುಹೋದರೆ ಕಪ್ಪು-ಬಿಳುಪು, ಫೋಕಸ್ ತಪ್ಪಿದರೆ ನೆನಪು, ಕೈ ನಡುಗಿದರೆ ಡಾಕ್ಯುಮೆಂಟರಿ. ಪ್ರತಿಯೊಬ್ಬರ ಚಿತ್ರದಲ್ಲೂ ಪಿಜಿ ರೂಮಿನ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿತ್ತು. ಕಾಲ್‌ಶೀಟ್ ಕೇಳದ, ಊಟ ಕೇಳದ, ರೀಟೇಕ್‌ಗೆ ಮುಖ ಸಿಂಡರಿಸದ ಕಲಾವಿದ ಬೆಂಗಳೂರಿನಲ್ಲಿ ಆ ಫ್ಯಾನ್ ಒಂದೇ.

ಕಥೆಗೂ ಬರವಿರಲಿಲ್ಲ: ಒಬ್ಬ ಮುದುಕ ಕಾಯುತ್ತಾನೆ. ಬಸ್‌ಸ್ಟ್ಯಾಂಡಿನಲ್ಲೋ, ಜಗಲಿಯ ಮೇಲೋ, ಕಿಟಕಿಯ ಪಕ್ಕದಲ್ಲೋ ಎಂಬುದರಲ್ಲಿ ಮಾತ್ರ ನಮ್ಮ ನಮ್ಮ ಸ್ವಂತಿಕೆ. ಕೆಳಗಿನ ಅಂಗಡಿಯ ವಾಚ್‌ಮನ್ ಅಜ್ಜ ಹೀಗೆ ನಮ್ಮ ಬ್ಯಾಚಿನ ಅನೇಕ ಚಿತ್ರಗಳಲ್ಲಿ ಕಾದಿದ್ದಾರೆ. ನನ್ನ ಚಿತ್ರದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು:

“ನಾನೀಗ ಏನು ಕಾಯ್ತಾ ಇದೀನಿ ಸ್ವಾಮಿ?”

“ಅದನ್ನ ಪ್ರೇಕ್ಷಕರಿಗೆ ಬಿಟ್ಟಿದೀವಿ ಅಜ್ಜ.”

ಅಜ್ಜ ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಬಾಟಾ ಎಷ್ಟು?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಅದನ್ನೂ ಪ್ರೇಕ್ಷಕರಿಗೇ ಬಿಟ್ಟಿದೀರಾ?”

ಚಿತ್ರ ವಿಮರ್ಶೆಯ ಮಟ್ಟಿಗೆ ಆ ಸಂಸ್ಥೆಯಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದೇ. ಅಧ್ಯಾಪಕರಾದರೂ ಯಾರು? ಹಿಂದಿನ ಬ್ಯಾಚಿನಲ್ಲಿ ಇದೇ ಅಜ್ಜನನ್ನು ಕಾಯಿಸಿದವರು.

ಸರ್ಕಾರಿ ಸಂಸ್ಥೆಗಳಲ್ಲಿ ಹಾಲುಜೇನು ಹರಿಯುತ್ತಿತ್ತು ಎಂದೇನೂ ನಾನು ಹೇಳುತ್ತಿಲ್ಲ. ಪುಣೆಯ ಸಂಸ್ಥೆ ಶುರುವಾದದ್ದು 1960ರಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ. ಅಲ್ಲಿ 2008ರ ಬ್ಯಾಚಿನ ಹುಡುಗರ ಡಿಪ್ಲೊಮಾ ಚಿತ್ರಗಳು 2015ರಲ್ಲೂ ಮುಗಿದಿರಲಿಲ್ಲ. ಅದೇ ವರ್ಷ ಅಧ್ಯಕ್ಷರ ನೇಮಕ ವಿರೋಧಿಸಿ ವಿದ್ಯಾರ್ಥಿಗಳು 139 ದಿನ ಮುಷ್ಕರ ಕೂತರು. ಆ ಮುಷ್ಕರದಲ್ಲಿದ್ದ ಪಾಯಲ್ ಕಪಾಡಿಯಾ 2024ರಲ್ಲಿ ಕಾನ್‌ನಿಂದ ಗ್ರ್ಯಾನ್ ಪ್ರಿ ತಂದರು. ನಮ್ಮಲ್ಲೂ ಒಮ್ಮೆ ಮುಷ್ಕರದ ಮಾತು ಬಂದಿತ್ತು. ಗೈರುಹಾಜರಿಗೆ ದಿನಕ್ಕಿಷ್ಟು ದಂಡ ಎಂದು ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿದ ಕೂಡಲೇ ನಮ್ಮ ಕ್ರಾಂತಿ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂತು.

ಅದೇ ಕಾನ್‌ನಲ್ಲಿ, ಅದೇ 2024ರಲ್ಲಿ, ವಿದ್ಯಾರ್ಥಿಗಳ ವಿಭಾಗದ ಮೊದಲ ಬಹುಮಾನ ಬಂದದ್ದು ಕನ್ನಡ ಮಾತಾಡುವ ಕಿರುಚಿತ್ರಕ್ಕೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಓದಿದ್ದು ವೈದ್ಯಕೀಯ. ಆಮೇಲೆ ಪುಣೆಯ ಸಂಸ್ಥೆಯ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿಗೆ ಸೇರಿದವರು. ಮುದುಕಿಯೊಬ್ಬಳು ಹುಂಜ ಕದ್ದುಕೊಂಡು ಹೋಗಿದ್ದಕ್ಕೆ ಊರಿಗೆ ಬೆಳಗೇ ಆಗದೆ ಹೋಗುವ ಜನಪದ ಕಥೆಯನ್ನು ಅವರು ಚಿತ್ರೀಕರಿಸಿದ್ದು ಕೇವಲ ನಾಲ್ಕು ದಿನಗಳಲ್ಲಿ. ಅಲ್ಲೂ ಒಬ್ಬಳು ಮುದುಕಿ ಇದ್ದಾಳೆ, ಗಮನಿಸಬೇಕು. ಆದರೆ ಅವಳು ಏನನ್ನೂ ಕಾಯುತ್ತಾ ಕೂರಲಿಲ್ಲ, ಹುಂಜವನ್ನೇ ಎತ್ತಿಕೊಂಡು ಹೋದಳು.

ನಮ್ಮೂರಿನ ಹಳೆಯ ಲೆಕ್ಕ ತೆಗೆದರಂತೂ ಇನ್ನೂ ಮುಜುಗರ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣದ ಕೋರ್ಸಿತ್ತು, ಪುಣೆಗಿಂತ ಎಷ್ಟೋ ಮೊದಲು. 1946ರಲ್ಲಿ ಅಲ್ಲಿಂದ ಹೊರಬಿದ್ದ ಮೈಸೂರಿನ ವಿ.ಕೆ. ಮೂರ್ತಿ ಮುಂದೆ ಗುರುದತ್ತರ ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊದ ಕತ್ತಲನ್ನು ಸೀಳುವ ಆ ಬೆಳಕಿನ ಕೋಲು ಇದೆಯಲ್ಲ, ಅಂಥ ನೆಟ್ಟನೆಯ ಕಿರಣ ಕೊಡುವ ದೀಪ ಅವರ ಹತ್ತಿರ ಇರಲಿಲ್ಲ. ಎರಡು ದೊಡ್ಡ ಕನ್ನಡಿ ತರಿಸಿದರು. ಹೊರಗಿನ ಬಿಸಿಲನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಸಿ ಒಳಗೆ ಇಳಿಸಿದರು. ಇಲ್ಲದಿರುವುದು ಅವರಿಗೂ ಇತ್ತು. ನಮ್ಮ ಪ್ರಿನ್ಸಿಪಾಲರಾಗಿದ್ದರೆ ‘ಕತ್ತಲೆಯೇ ಬೆಳಕಿನ ಪರಮಾವಧಿ’ ಎಂದು ಒಂದು ಸೆಮಿನಾರ್ ಮಾಡಿಸಿ, ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಇಸಿದುಕೊಳ್ಳುತ್ತಿದ್ದರು.

ಡಿಪ್ಲೊಮಾ ಹಿಡಿದು ಗಾಂಧಿನಗರಕ್ಕೆ ಹೋದದ್ದೂ ಆಯಿತು. ಪ್ರೊಡಕ್ಷನ್ ಮ್ಯಾನೇಜರ್ ಸರ್ಟಿಫಿಕೇಟನ್ನು ಮುಟ್ಟಲೂ ಇಲ್ಲ. “ಬೈಕ್ ಇದೆಯಾ?” ಎಂದರು. ಇದೆ ಎಂದೆ. ಆ ಕ್ಷಣವೇ ಸಹಾಯಕ ನಿರ್ದೇಶಕನಾದೆ. ಮೊದಲ ಜವಾಬ್ದಾರಿ, ನಾಯಕಿಯ ತಾಯಿಗೆ ಸಕ್ಕರೆಯಿಲ್ಲದ ಮೂಸಂಬಿ ಜ್ಯೂಸ್. ಎರಡನೆಯದು ಕಂಟಿನ್ಯುಟಿ: ಹಿಂದಿನ ಶಾಟ್‌ನಲ್ಲಿ ಬಳೆ ಯಾವ ಕೈಯಲ್ಲಿತ್ತು ಎಂದು ಬರೆದಿಡುವುದು. ಫ್ರೆಂಚರ ನವ್ಯ ಅಲೆಯ ಬಗ್ಗೆ ಒಂದು ಗಂಟೆ ಎಡೆಬಿಡದೆ ಮಾತಾಡಬಲ್ಲ ನನಗೆ ಬಳೆಯ ಕೈ ನೆನಪಿರಲಿಲ್ಲ. ಥರ್ಮಾಕೋಲ್ ಹಿಡಿದು ನಿಂತಿದ್ದ ಲೈಟ್‌ಬಾಯ್‌ಗೆ ನೆನಪಿತ್ತು. “ಎಡಗೈ ಸಾರ್, ಎರಡು ಹಸಿರು, ಒಂದು ಕೆಂಪು,” ಎಂದು ಆತ ಪಿಸುಗುಟ್ಟಿದ. ಬೆಳಕು ಮಾತ್ರ ನಾಯಕಿಯ ಕೆನ್ನೆಯಿಂದ ಅಲುಗಲಿಲ್ಲ.

ಹಾಗಂತ ಗಾಂಧಿನಗರದವರು ಸಿದ್ಧಾಂತದಲ್ಲಿ ಹಿಂದೆ ಬಿದ್ದವರೇನಲ್ಲ. ಶುಕ್ರವಾರ ಬಿಡುಗಡೆಯಾಗಿ ಸೋಮವಾರ ಥಿಯೇಟರ್‌ನಿಂದ ಎತ್ತಂಗಡಿಯಾದ ಆ ನಮ್ಮ ಚಿತ್ರದ ಬಗ್ಗೆ ನಿರ್ಮಾಪಕರು ಪತ್ರಿಕಾಗೋಷ್ಠಿ ಕರೆದು, ಇದು ಕ್ಲಾಸ್ ಸಿನಿಮಾ, ಪ್ರೇಕ್ಷಕರು ಇನ್ನೂ ಈ ಮಟ್ಟಕ್ಕೆ ಬೆಳೆದಿಲ್ಲ ಎಂದರು. ಮೂರು ಫೈಟು, ಒಂದು ಐಟಂ ಸಾಂಗು ಇದ್ದ ಸಿನಿಮಾ. ಗೋಷ್ಠಿಯ ಹಿಂದಿನ ಸಾಲಿನಲ್ಲಿ ವಡೆ ತಿನ್ನುತ್ತಿದ್ದ ನನಗೆ ನಮ್ಮ ಪ್ರಿನ್ಸಿಪಾಲರೇ ಮೈಕ್ ಹಿಡಿದಂತೆ ಕೇಳಿಸಿತು.

ಸಹಪಾಠಿಗಳಲ್ಲಿ ಸಿನಿಮಾ ಮಾಡಿದವರು ಯಾರೂ ಇಲ್ಲ, ಆದರೆ ಸಿನಿಮಾ ಕಲಿಸದವರೂ ಯಾರೂ ಇಲ್ಲ. ಒಬ್ಬ ಯೂಟ್ಯೂಬಿನಲ್ಲಿ ಚಿತ್ರಕಥೆ ಬರೆಯುವ ಗುಟ್ಟು ಹೇಳುತ್ತಾನೆ. ಇನ್ನೊಬ್ಬ ವಾರಾಂತ್ಯದ ಅಭಿನಯ ಶಿಬಿರ ನಡೆಸುತ್ತಾನೆ, ಊಟ ವಸತಿ ಪ್ರತ್ಯೇಕ. ತುಮಕೂರಿನವನೊಬ್ಬ ಸ್ವಂತ ಸಂಸ್ಥೆಯನ್ನೇ ತೆರೆದಿದ್ದಾನೆ. ಅವನ ಬ್ರೋಷರ್ ವಾಟ್ಸಾಪಿನಲ್ಲಿ ಬಂತು, ಮುಖಪುಟದಲ್ಲಿ ಚಿದಾನಂದ ನಾಯ್ಕ್. ಹಿಂದೆಯೇ ಫೋನೂ ಬಂತು.

“ಫ್ಯಾಕಲ್ಟಿ ಆಗಿ ಬಂದ್ಬಿಡು ಮಗಾ. ನಿನಗೆ ಇಂಡಸ್ಟ್ರಿ ಎಕ್ಸ್‌ಪೀರಿಯನ್ಸ್ ಬೇರೆ ಇದೆ.”

“ಕ್ಯಾಮೆರಾ ಯಾವುದಿಟ್ಟಿದೀಯ?”

“ಕ್ಯಾಮೆರಾ ಯಾಕೆ? ಎಲ್ಲ ಹುಡುಗ್ರ ಕೈಯಲ್ಲೂ ಮೊಬೈಲ್ ಇದೆಯಲ್ಲ. ಅವರವರ ಮೊಬೈಲ್, ಅವರವರ ದೃಷ್ಟಿಕೋನ.”

“ಎಕ್ವಿಪ್‌ಮೆಂಟ್ ಫೀ?”

“ಅದಿರತ್ತೆ. ಅದು ಬೇರೆ ವಿಷಯ.”

“ಎಡಿಟಿಂಗ್?”

“ಎಐ ಮಾಡತ್ತೆ.”

“ಮತ್ತೆ ನಾನೇನು ಕಲಿಸ್ಲಿ?”

“ಥಿಯರಿ. ನಿನ್ನ ಹಾಗೆ ಅದನ್ನ ಹೇಳೋರು ಯಾರಿದಾರೆ?”

ಹೊಗಳಿಕೆಗೆ ನಾನೂ ಮನುಷ್ಯನೇ. ಆದರೂ ವಾಚ್‌ಮನ್ ಅಜ್ಜನಿಂದ ಕಲಿತ ಪಾಠ ಮರೆತಿರಲಿಲ್ಲ. ಗಂಟೆಗೆ ಎಷ್ಟು ಕೊಡ್ತೀಯ ಎಂದು ಕೇಳಿಯೇಬಿಟ್ಟೆ. ಆ ಕಡೆಯಿಂದ ಒಂದು ದೀರ್ಘ ಮೌನ, ತಾರ್ಕೋವ್‌ಸ್ಕಿ ಕೂಡ ಕತ್ತರಿ ಹುಡುಕುವಷ್ಟು ದೀರ್ಘ.

“ಸದ್ಯಕ್ಕೆ ಓಪನ್ ಎಂಡಿಂಗ್ ಇಟ್ಕೊಳೋಣ ಮಗಾ,” ಎಂದ.