ದಿವಾನ್ ಪೂರ್ಣಯ್ಯನವರಿಗೆ ತಿಳವಳ್ಳಿಯಿಂದ ಒಂದು ಅರ್ಜಿ

ಇವರಿಗೆ,
ದಿವಾನ್ ಪೂರ್ಣಯ್ಯನವರು
(ಸದ್ಯದ ವಿಳಾಸ ಯಾವ ಇಲಾಖೆಗೂ ಗೊತ್ತಿಲ್ಲ)

ಇವರಿಂದ,
ಸಂತೆ ಮಾಡುವ ಒಬ್ಬ ಗಿರಾಕಿ, ತಿಳವಳ್ಳಿ, ಹಾನಗಲ್ಲ ತಾಲ್ಲೂಕು

ವಿಷಯ: ತಮ್ಮ ಕಾಲುವೆಯ ಪಕ್ಕದಲ್ಲಿ ಎದ್ದ ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಉಳಿಸುವ ಸಲುವಾಗಿ ಕೆಡವುವ ಕುರಿತು.

ಉಲ್ಲೇಖ: 28-08-2016ರಂದು ಬಿದ್ದ ಗೋಡೆ.



ಹಾವೇರಿ ಜಿಲ್ಲೆಯವನಿಗೆ ಮೈಸೂರಿನ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ಸಂಬಂಧ ಹಳೆಯದು. ತಾವು ಹೈದರಾಲಿಯವರ ಸೇವೆಯಲ್ಲಿದ್ದ ಕಾಲಕ್ಕೆ, 1779ರಲ್ಲಿ, ನಮ್ಮ ಮಗ್ಗುಲಿನ ಸವಣೂರು ನವಾಬರ ಮನೆತನದೊಂದಿಗೆ ಅವರು ಬೀಗತನ ಬೆಳೆಸಿದ್ದರು. ಹೆಣ್ಣು ಕೊಟ್ಟು ಹೆಣ್ಣು ತಂದ ಆ ಮದುವೆಗಳ ಖರ್ಚುವೆಚ್ಚ ತಮ್ಮ ಕಡತದಲ್ಲೇ ಎಲ್ಲೋ ಇರಬೇಕು. ಬೀಗರ ಮನೆಯ ಬಗ್ಗೆ ನಾಲ್ಕು ಮಾತು ಆಡದಿದ್ದರೆ ಅದೆಂಥ ಬೀಗತನ?

ಮೊದಲು ತಮ್ಮ ಕಾಲುವೆಯ ಸಮಾಚಾರ. ಕಾವೇರಿಯ ನೀರನ್ನು ಮೈಸೂರು ಪಟ್ಟಣಕ್ಕೆ ತರಬೇಕೆಂದು ತಾವು ಅದನ್ನು ತೋಡಿಸಿದಿರಿ. ನೀರು ಬರಲಿಲ್ಲ. ತಮ್ಮ ಮೇಲೆ ಗೌರವವಿದ್ದರೂ ಹೇಳಲೇಬೇಕು, ಕಾವೇರಿಯ ಬದಲು ಊರಿನ ಕೊಚ್ಚೆ ಬಂದು ಅದರಲ್ಲಿ ನಿಂತಿತು. ಕಡೆಗೆ ಚಾಮರಾಜ ಒಡೆಯರ ಕಾಲದಲ್ಲಿ ಪೂರ್ಣಯ್ಯ ನಾಲೆಯನ್ನು ಮುಚ್ಚಿ, ಮೇಲೆ ರಸ್ತೆ ಮಾಡಿ, ಬರೋಡಾದ ಮಹಾರಾಜರ ಹೆಸರಿಟ್ಟರು. ಅದೇ ಈಗಿನ ಸಯ್ಯಾಜಿರಾವ್ ರಸ್ತೆ. ಪ್ರತಿ ವಿಜಯದಶಮಿಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ತಾವು ತೋಡಿಸಿದ ಹಳ್ಳದ ಮೇಲೆಯೇ ನಡೆದು ಹೋಗುತ್ತದೆ. ಆನೆ ಮತ್ತು ಅಂಬಾರಿಯ ಭಾರವನ್ನು ವರ್ಷವರ್ಷವೂ ತಾಳಿಕೊಂಡ ನೆಲದ ಪಕ್ಕದಲ್ಲೇ ನಿಂತ ಕಟ್ಟಡ ತನ್ನದೇ ಚಾವಣಿಯ ಭಾರ ತಾಳಲಿಲ್ಲ ಎಂದರೆ, ದೋಷ ನೆಲದ್ದಲ್ಲ, ತಮ್ಮದೂ ಅಲ್ಲ. ತಾವು ನಿಶ್ಚಿಂತರಾಗಿರಬಹುದು.

ತಾವು ಆ ಮಾರುಕಟ್ಟೆಯನ್ನು ನೋಡಿಲ್ಲ. ನಾನು ನೋಡಿದ್ದೇನೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟರೆ ಮಲ್ಲಿಗೆಯ ಘಮ, ಮುಂದಕ್ಕೆ ಕುಂಕುಮ, ಅರಿಸಿನ, ಬಣ್ಣದ ಪುಡಿಗಳ ಗೋಪುರಗಳು, ಅದಾದ ಮೇಲೆ ಗೊನೆಗೊನೆ ನಂಜನಗೂಡು ರಸಬಾಳೆ. ವೀಳ್ಯದೆಲೆಯ ಸಾಲಿನಲ್ಲಿ ಮಾತ್ರ ನನಗೆ ಜಗಳ ಬಂತು. ಮೈಸೂರು ಎಲೆಯ ಮುಂದೆ ಬೇರೆ ಯಾವ ಎಲೆಯೂ ಇಲ್ಲ ಎಂದ ಅಂಗಡಿಯಜ್ಜ. ಸವಣೂರ ಎಲಿ ತಿಂದು ಬಾಯಿ ಕೆಂಪು ಮಾಡಿಕೊಂಡವನು ಈ ಮಾತು ಕೇಳಿ ಸುಮ್ಮನಿರಲಿಕ್ಕೆ ಆಗುತ್ತದೆಯೆ? ಅರ್ಧ ತಾಸು ವಾದ ನಡೆಯಿತು, ಪಕ್ಕದ ಹೂವಿನಾಕೆ ನ್ಯಾಯ ಹೇಳಿದಳು, ನಾನು ಸೋತೆ, ಕವಳಿಗೆ ಕೊಂಡೆ. ಸಯ್ಯಾಜಿರಾವ್ ರಸ್ತೆಯ ಮುಖಕ್ಕೆ ಬಂದರೆ ಮೈಸೂರು ಪಾಕಿನ ಮನೆತನದವರ ಮಿಠಾಯಿ ಅಂಗಡಿ. ಒಳಗೆ ಹೊರಗೆ ಸೇರಿ 800ಕ್ಕೂ ಹೆಚ್ಚು ಮಳಿಗೆಗಳು. ಕಟ್ಟಡದ ಕಾಲ 1886ರ ಸುಮಾರು.

ಈಗ ಉಲ್ಲೇಖಿತ ಗೋಡೆಯ ವಿಷಯ. 2016ರಲ್ಲಿ ಮಾರುಕಟ್ಟೆಗೆ ದುರಸ್ತಿ ನಡೆದಿತ್ತು. ದುರಸ್ತಿ ನಡೆಯುತ್ತಿದ್ದಾಗಲೇ ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿಯಿತು. ಅದಕ್ಕೂ ಮುಂಚೆ, 2012ರ ಆಗಸ್ಟಿನಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿ ಕುಸಿದು ನಾಲ್ವರು ಸತ್ತಿದ್ದರು. ಇದರ ಬಗ್ಗೆ ನಾನು ತಮಾಷೆ ಮಾಡಲಾರೆ. ಆದರೆ ಎರಡು ಕುಸಿತಗಳ ನಂತರ ಹುಟ್ಟಿದ ತರ್ಕ ಮಾತ್ರ ತಮಗೆ ತಿಳಿಯಲೇಬೇಕು. ತಜ್ಞರ ಒಂದು ತಂಡ ಕೆಡವಿ ಕಟ್ಟಿ ಎಂದಿತು. ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಸಾಧ್ಯ ಎಂದರು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಪಾಲಿಕೆಗೆ ಒಪ್ಪಿಗೆಯಾದದ್ದು ಮೊದಲನೆಯ ವಾದ: ಇದ್ದದ್ದನ್ನು ಕೆಡವಿ, ಅದೇ ಶೈಲಿಯಲ್ಲಿ ಮತ್ತೆ ಕಟ್ಟಿದರೆ ಪರಂಪರೆ ಉಳಿಯುತ್ತದೆ.

ಈ ಸೂತ್ರ ಕೇಳಿ ನಾನು ಬೆರಗಾದೆ. ಇಷ್ಟು ದಿನ ನಮಗೆ ತಿಳಿದದ್ದು, ಅಜ್ಜನಿಗೆ ಕಾಯಿಲೆಯಾದರೆ ಔಷಧ ಕೊಡಿಸಬೇಕು ಎಂದು. ಅದೇ ಮುಖದ ಹೊಸ ಅಜ್ಜನನ್ನು ಮಾಡಿಸಿ ಪಡಸಾಲೆಯಲ್ಲಿ ಕೂರಿಸಬಹುದು ಎಂಬುದು ಹೊಳೆದೇ ಇರಲಿಲ್ಲ.

ಕಾಯಿಲೆ ಏನೆಂದು ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ ಉಸಿರಾಡುವ ಗೋಡೆ. ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ, ಉಪ್ಪು ಕಟ್ಟುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಚಾವಣಿಯ ಮೇಲೆ ಅರಳಿ ಗಿಡ ಹುಟ್ಟಿದಾಗ ಬೆರಳಿನಿಂದ ಕಿತ್ತರೆ ಮುಗಿಯಿತು. ಬಿಟ್ಟರೆ ಬೇರು ಗೋಡೆ ಸೀಳುತ್ತದೆ. ಇವೆಲ್ಲ ಒಬ್ಬ ಗಾರೆ ಮೇಸ್ತ್ರಿ, ಒಂದು ಏಣಿ, ನಾಲ್ಕು ಚೀಲ ಸುಣ್ಣದ ಕೆಲಸಗಳು. ಅದೇ ತೊಂದರೆ. ಗಿಡ ಕಿತ್ತದ್ದಕ್ಕೆ ಶಂಕುಸ್ಥಾಪನೆ ಮಾಡಲಿಕ್ಕೆ ಬರುವುದಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸಲಿಕ್ಕೆ ಬರುವುದಿಲ್ಲ, ಟೆಂಡರೂ ಸಣ್ಣದು. ಆದ್ದರಿಂದ ಗಿಡವನ್ನು ಮರವಾಗಲು ಬಿಟ್ಟು, ಗೋಡೆ ಬಿದ್ದ ಮೇಲೆ ‘ಪಾಪ, ವಯಸ್ಸಾಗಿತ್ತು’ ಎನ್ನುವುದು ಆಡಳಿತದ ಅನುಕೂಲ. ವಯಸ್ಸಿನ ಮಾತು ಬಂದರೆ, ಶ್ರೀರಂಗಪಟ್ಟಣದಲ್ಲಿ ತಾವು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಈ ಮಾರುಕಟ್ಟೆಗಿಂತ ಎಂಬತ್ತು ವರ್ಷ ಹೆಚ್ಚು. ಕಾವೇರಿಯ ಅಷ್ಟೊಂದು ಪ್ರವಾಹಗಳಿಗೆ ಎದೆಕೊಟ್ಟು ಅದು ಇನ್ನೂ ನಿಂತಿದೆ. ಅದಕ್ಕೆ ವಯಸ್ಸಾಗಿರುವುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ನಮ್ಮ ತಿಳವಳ್ಳಿಯ ಶಾಂತೇಶ್ವರ ದೇವಸ್ಥಾನದ ವಯಸ್ಸಂತೂ ಕೇಳಲೇಬೇಡಿ. ಸೇವುಣರ ಕಾಲದ್ದು, 13ನೆಯ ಶತಮಾನದ್ದು. ಮೈಸೂರಿನ ಸೂತ್ರದ ಪ್ರಕಾರ ಅದು ಆರೇಳು ಸಲ ಬಿದ್ದು, ಆರೇಳು ಸಲ ಅದೇ ಶೈಲಿಯಲ್ಲಿ ಎದ್ದಿರಬೇಕಿತ್ತು. ಅಭಿವೃದ್ಧಿಯಲ್ಲಿ ನಾವು ಇಷ್ಟು ಹಿಂದುಳಿದಿದ್ದೇವೆ ಎಂದು ನಾಚಿಕೆಯಾಗಿ, ಊರ ಕಟ್ಟೆಯಲ್ಲಿ ನಾನೊಂದು ಸೂಚನೆ ಮಂಡಿಸಿದೆ: ಆ ಕಂಬಗಳನ್ನು ತೆಗೆದು ಕಾಂಕ್ರೀಟಿನಲ್ಲಿ ಹೊಯ್ದು, ಮೇಲೆ ಕಲ್ಲಿನ ಬಣ್ಣ ಬಳಿದರೆ ಹೇಗೆ? ಹಿರಿಯರೊಬ್ಬರು ಎಲೆಯಡಿಕೆ ಉಗುಳಿ ಬಂದು, ‘ತಮ್ಮಾ, ನಿನಗ ಮೈಸೂರು ಗಾಳಿ ಬಡದೈತಿ, ಮನಿಗೆ ಹೋಗಿ ಮಲ್ಕೋ’ ಎಂದರು.

ಪರದೇಶದಿಂದಲೂ ಕಲಿಯುವುದಿದೆಯಂತೆ. ಸಿಂಗಪುರದ ನದಿ ದಂಡೆಯಲ್ಲಿ ಬೋಟ್ ಕ್ವೇ ಎಂಬ ಹಳೆಯ ಮಳಿಗೆಗಳ ಸಾಲಿದೆ. ಅಲ್ಲಿ ಗೋಡೆಗಳನ್ನು ಚೆನ್ನಾಗಿಯೇ ಉಳಿಸಿಕೊಂಡರು. ಆದರೆ ಸರಕು ಹೊರುತ್ತಿದ್ದ ದೋಣಿಗಳನ್ನು 1983ರಲ್ಲಿ ನದಿಯಿಂದ ಹೊರಗೆ ಕಳಿಸಿದರು. ಮೂಟೆ ಇಳಿಯುತ್ತಿದ್ದಲ್ಲಿ ಈಗ ಬಿಯರು ಇಳಿಯುತ್ತದೆ. ನಮ್ಮದೇ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ 2011ರ ಜುಲೈನಲ್ಲಿ ಕಲ್ಲುಮಂಟಪಗಳನ್ನು ಕಾಪಾಡಲು ಜನರನ್ನು ಎಬ್ಬಿಸಿದರು. ಕಲ್ಲು ಉಳಿಯಿತು, ಬಜಾರು ಹೋಯಿತು. ಮೈಸೂರಿನವರು ಇಬ್ಬರನ್ನೂ ಮೀರಿಸಲು ಹೊರಟಿದ್ದಾರೆ, ಗೋಡೆಯನ್ನೂ ತೆಗೆಯುತ್ತಾರೆ, ವ್ಯಾಪಾರಿಯನ್ನೂ ‘ತಾತ್ಕಾಲಿಕವಾಗಿ’ ಎಬ್ಬಿಸುತ್ತಾರೆ. ನಮ್ಮ ರಾಜ್ಯದಲ್ಲಿ ತಾತ್ಕಾಲಿಕ ಎಂದು ಬರೆದ ಬೋರ್ಡುಗಳೇ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತವೆ ಎಂಬುದನ್ನು ತಾವು ಮೇಲಿನಿಂದ ಗಮನಿಸಿರಬಹುದು.

ಹೊಸ ಕಟ್ಟಡ ಬಂದರೆ ಅದರ ನಕ್ಷೆಯನ್ನು ನಾನು ಈಗಲೇ ಊಹಿಸಬಲ್ಲೆ. ಮುಂದೆ ಹಳೆಯ ಕಮಾನು, ಹಿಂದೆ ಗಾಜು. ಕೆಳಗೆ ನೆಲಮಾಳಿಗೆ, ಪಾರ್ಕಿಂಗ್ ಇಲ್ಲದ ಪರಂಪರೆಯನ್ನು ನಾನು ಈಚೆಗೆ ಕೇಳಿಲ್ಲ. ಮುಚ್ಚಿದ ಕಾಲುವೆಯ ಮಗ್ಗುಲಲ್ಲೇ ಆಳಕ್ಕೆ ಅಗೆದರೆ ಮೊದಲ ಮುಂಗಾರಿಗೇ ನೀರು ತಾನಾಗಿ ಬಂದು ತುಂಬೀತು, ತಮ್ಮ ಯೋಜನೆಯೂ ಇನ್ನೂರು ವರ್ಷ ತಡವಾಗಿ ಫಲಿಸೀತು. ಹೂವಿನಾಕೆಗೆ ಎರಡನೆಯ ಮಹಡಿಯಲ್ಲಿ ಸಂಖ್ಯೆ ಹಾಕಿದ ಮಳಿಗೆ. ಮೊಳ ಮಲ್ಲಿಗೆಗೆ ಲಿಫ್ಟ್ ಹತ್ತಿ ಹೋಗುವ ಗಿರಾಕಿ ಯಾರು? ದೇವರಿಗೂ ಅಷ್ಟು ಭಕ್ತಿ ಬೇಕಿಲ್ಲ. ಅವಳ ಪಕ್ಕದಲ್ಲಿ ಎಲೆಯಜ್ಜ ಇರುವುದಿಲ್ಲ, ಅವನಿಗೆ ಬೇರೆ ಬ್ಲಾಕು. ನನ್ನಂಥವನು ಜಗಳಕ್ಕೆ ನಿಂತರೆ ನ್ಯಾಯ ಹೇಳುವವರು ಯಾರು, ಸೆಕ್ಯುರಿಟಿಯವನೆ?

ಇಷ್ಟೆಲ್ಲ ಬರೆದದ್ದು ತಮ್ಮಿಂದ ಒಂದು ಉಪಕಾರ ಬೇಡಲಿಕ್ಕೆ. ಹೈದರ್, ಟಿಪ್ಪು, ಒಡೆಯರು, ಇಂಗ್ಲಿಷರು, ಇಷ್ಟು ಜನರ ನಡುವೆ ಲೆಕ್ಕ ತಪ್ಪದೆ ಬದುಕಿದವರು ತಾವು. ಒಂದು ಸಲ ಪಾಲಿಕೆಯ ಕನಸಿನಲ್ಲಿ ಬಂದು ಒಂದೇ ಖಾತೆ ತೆಗೆಸಿ ನೋಡಬೇಕು. 1886ರಿಂದ ಈತನಕ ಈ ಮಳಿಗೆಗಳಿಂದ ಬಂದ ಬಾಡಿಗೆ ಒಂದು ಕಾಲಮ್ಮಿನಲ್ಲಿ, ಅದರಲ್ಲಿ ಸುಣ್ಣಕ್ಕೆ, ಹೆಂಚಿಗೆ, ಚರಂಡಿಗೆ, ಏಣಿಗೆ ಹೋದ ಹಣ ಇನ್ನೊಂದು ಕಾಲಮ್ಮಿನಲ್ಲಿ. ಎರಡನೆಯ ಕಾಲಮ್ಮು ಮುಗಿದ ಮೇಲೂ ಕೆಡವಲೇಬೇಕು ಎಂದು ತಮಗನ್ನಿಸಿದರೆ ನನ್ನ ತಕರಾರಿಲ್ಲ, ಸಹಿ ಹಾಕಿಬಿಡಿ.

ಇಂತಿ ತಮ್ಮ ವಿಧೇಯ,
ತಿಳವಳ್ಳಿಯ ಸಂತೆ ಗಿರಾಕಿ

ವಿ.ಸೂ.: ಕನಸಿನಲ್ಲಿ ಬರುವಾಗ ಬೆಳಿಗ್ಗೆ ಹನ್ನೊಂದರ ಮೇಲೆ ಬನ್ನಿ. ಅದಕ್ಕೆ ಮುಂಚೆ ಯಾವ ಕಚೇರಿಯಲ್ಲೂ ನಿದ್ದೆಗೆ ಯಾರೂ ಬಂದಿರುವುದಿಲ್ಲ.